ಕಾಲಂಗುಲ

ಜೀನ್ಸ್ ತುಂಬುವ ಗೋಣಿಚೀಲದಲ್ಲಿ ಸುತ್ತಿ ತಂದಳು ಸೆಲ್ವಮೇರಿ,
ಕೌಲ್ ಬಜಾರಿನ ನನ್ನ ಹಾರ್ಮೋನಿಯಂ ಅಂಗಡಿಗೆ.
"ಗಿಟಾರು ಸಾಬ್ರೆ, ಅಪ್ಪಂದು.
ಅಂಚು ಬಿಟ್ಕಂಡೈತೆ. ಬಟ್ಟೆ ಆಗಿದ್ರೆ ನಾನೇ ಹೊಲೀತಿದ್ದೆ."

ತಿದಿಯ ಚರ್ಮ ಗೊತ್ತು ನನಗೆ, ಹಿತ್ತಾಳೆಯ ನಾಲಗೆಗಳು ಗೊತ್ತು.
ಇದು ಸೊಂಟವಿರುವ ಪೆಟ್ಟಿಗೆ.
ಆದರೂ ಮರ ಮರವೇ ಎಂದು ಇಸಕೊಂಡೆ.

ಬೋರಲು ಹಾಕಿ ಅಲುಗಾಡಿಸಿದರೆ ಉದುರಿತು
ಅದಿರಿನ ಕೆಂಪು ಧೂಳು, ಒಂದು ಬಾಟಲಿಯ ಬಿರಡೆ,
ರೈಲ್ವೆ ಇನ್‌ಸ್ಟಿಟ್ಯೂಟಿನ ಹೌಸಿ ಚೀಟಿಯ ಅರ್ಧ.
ಶನಿವಾರ ರಾತ್ರಿ ಅಲ್ಲಿ ಬಾರಿಸುತ್ತಿದ್ದನಂತೆ ಜ್ಞಾನಮುತ್ತು,
ಉಳಿದ ಆರು ದಿನ ಗೂಡ್ಸ್ ಗಾಡಿಯ ಬ್ರೇಕು ನೋಡುತ್ತಿದ್ದನಂತೆ.

ಮೈಸುತ್ತ ಕೆನೆಬಣ್ಣದ ಪಟ್ಟಿ,
ಸೆಲ್ಯುಲಾಯಿಡು, ಹಳೇ ಬಾಚಣಿಗೆಯ ಜಾತಿ.
ಹೆಗಲಿಗೂ ತಳಕ್ಕೂ ಕಚ್ಚಿಕೊಂಡೇ ಇದೆ,
ಸೊಂಟದ ಒಳಬಾಗಿನಲ್ಲಿ ಮಾತ್ರ ಬಿಟ್ಟು
ನೆಟ್ಟಗೆ ನಿಂತಿದೆ
ಬಟ್ಟೆ ಒಣಹಾಕುವ ತಂತಿಯ ಹಾಗೆ.

ಅಂಟು ಸತ್ತಿದೆ ಅಂದುಕೊಂಡೆ. ಅಲ್ಲ.
ಹೆಬ್ಬೆರಳಲ್ಲಿ ಒತ್ತಿದೆ. ಬಾಗಿತು, ಮರ ಮುಟ್ಟಲಿಲ್ಲ.
ಪಟ್ಟಿಯೇ ಕುಗ್ಗಿದೆ.
ರಾತ್ರಿ ಹತ್ತಾದರೂ ಹಗಲಿನ ಬಿಸಿ ಉಗುಳುವ ಗುಡ್ಡದ ಕೆಳಗೆ,
ತಗಡಿನ ಮನೆಯಲ್ಲಿ, ಐವತ್ತು ಬೇಸಿಗೆ.
ಮರ ತನ್ನ ಅಳತೆ ಬಿಡಲಿಲ್ಲ, ಪಟ್ಟಿ ಬಿಟ್ಟಿತು.
ಯಾರ ತಪ್ಪೂ ಅಲ್ಲ.

ಎಳೆದರೆ ಮುರಿಯುತ್ತದೆ,
ಉರಿ ತೋರಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ.
ಬೀಡಿ ಆರಿಸಿ ಬಂದೆ, ರಸ್ತೆಯಾಚೆ ಹೋಗಿ.
ಇರುವುದು ಒಂದೇ ದಾರಿ,
ಹಿಡಿದುಕೊಂಡಿರುವ ಕಡೆಯಲ್ಲೂ ಬಿಡಿಸಬೇಕು.

"ಗಟ್ಟಿ ಇರೋದನ್ನ ಯಾಕೆ ಕೀಳ್ತೀರಿ?" ಅಂದಳು.
ಸೊಂಟ ಕೂಡಬೇಕಂದ್ರೆ ತಳ ಬಿಟ್ಟುಕೊಡಬೇಕವ್ವ, ಅಂದೆ.
ಪ್ಯಾಂಟು ಹೊಲಿಯುವವಳು. ಮತ್ತೆ ಕೇಳಲಿಲ್ಲ.

ಸವೆದ ಬ್ಲೇಡು. ಒಂದು ಗೇಣಿಗೆ ಒಂದು ಚಹಾ.
ಪಟ್ಟಿಯ ಬೆನ್ನು ಕೆರೆದಾಗ ಎದ್ದಿತು ಕರ್ಪೂರದ ವಾಸನೆ.
ಅಂದು ರಾತ್ರಿ ರೊಟ್ಟಿ ಕೊಡುತ್ತ ಹಲೀಮಾ
ನನ್ನ ಬೆರಳು ಮೂಸಿ
"ಯಾವ ಗುಡಿಗೆ ಹೋಗಿದ್ರಿ?" ಅಂದಳು.

ಹೊಸ ಅಂಟು. ಸೈಕಲ್ ಟ್ಯೂಬು ಸೀಳಿ ಸುತ್ತಿನ ಮೇಲೆ ಸುತ್ತು,
ಸೊಂಟಕ್ಕೆ ಅವಳದೇ ಜೀನ್ಸ್ ಚಿಂದಿಯ ಒತ್ತು.
ದೊಡ್ಡಾಸ್ಪತ್ರೆಯ ಎಲುಬಿನ ವಾರ್ಡಿನಿಂದ ತಪ್ಪಿಸಿಕೊಂಡು ಬಂದಂತೆ
ಎರಡು ದಿನ ಮೂಲೆಯಲ್ಲಿ ಒರಗಿತ್ತು.
ಭಜನೆ ಪೆಟ್ಟಿಗೆ ಒಯ್ಯಲು ಬಂದವರು
"ಇದಕ್ಕೇನು, ಲಾರಿ ಬಡಿದಿತ್ತಾ?" ಅಂದರು.

ಬಿಚ್ಚಿದೆ. ಸೊಂಟ ಕೂಡಿತ್ತು.
ಅಷ್ಟೂ ವರ್ಷಗಳ ಕೊರತೆ ಜಾರಿ ಜಾರಿ
ತಳದ ಗುಂಡಿಯ ಪಕ್ಕ ಬಂದು ನಿಂತಿತ್ತು,
ಕಾಲಂಗುಲ, ಬರಿಯ ಮರ.

ತುಂಬಲು ಸೆಲ್ಯುಲಾಯಿಡು ಬೇಕು.
ಬಜಾರಿನ ಬಾಚಣಿಗೆಗಳು ಕರಗಲಿಲ್ಲ, ಈಗಿನವು ಬೇರೆ ಜಾತಿ.
ಇನ್‌ಸ್ಟಿಟ್ಯೂಟಿನ ವಾಚ್‌ಮನ್ ತಿಪ್ಪೇರುದ್ರ
ಬೀರುವಿನ ಅಡಿಯಿಂದ ತೆಗೆದುಕೊಟ್ಟ
ತಗ್ಗುಬಿದ್ದ ಒಂದು ಟೇಬಲ್ ಟೆನಿಸ್ ಚೆಂಡು.
ಉಗುರುಬಣ್ಣ ಅಳಿಸುವ ನೀರಿನಲ್ಲಿ ಕರಗಿತು ಅದು, ಗಂಜಿಯಂತೆ.
ಬೆಂಕಿಕಡ್ಡಿಯ ತುದಿಯಲ್ಲಿ ತುಂಬಿದೆ, ಒಣಗಲು ಬಿಟ್ಟೆ, ತುಂಬಿದೆ,
ಉಜ್ಜಿದೆ. ಸುತ್ತ ಹಳದಿ,
ನಡುವೆ ಒಂದು ಬಿಳಿ ಹಲ್ಲು.

ಸೆಲ್ವಮೇರಿ ತಂತಿ ಮುಟ್ಟಲಿಲ್ಲ.
ಹೆಬ್ಬೆರಳಿನ ಉಗುರನ್ನು ಅಂಚಿನುದ್ದ ಓಡಿಸಿದಳು,
ಹೊಲಿಗೆ ಪರೀಕ್ಷಿಸುವ ಹಾಗೆ, ಹೆಗಲು, ಸೊಂಟ, ಕೆಳಗೆ.
ನಿಂತಳು.
"ಇಲ್ಲಿ."
"ಹೌದು, ಇಲ್ಲೇ."
"ಎಲ್ಲಾ ಇಲ್ಲಿಗೆ ಬಂತಾ?"
"ಎಲ್ಲಾ."
ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು
ಉಗುರು ಅಲ್ಲೇ ಇತ್ತು.

ಆಮೇಲೆ ಚೌಕಾಸಿ. ಐನೂರಕ್ಕೆ ಮುನ್ನೂರು ಅಂದಳು, ಮುನ್ನೂರೈವತ್ತಕ್ಕೆ ನಿಂತಿತು.
ಧೂಳು ಇರಲಿ ಬಿಡಿ, ಆ ಬಿರಡೆ, ಆ ಚೀಟಿ
ಎಲ್ಲಿದ್ವೋ ಅಲ್ಲಿಗೇ ಹಾಕಿ, ಅಂದಳು.
ಹಾಕಿದೆ.
ಆಟೋ ಚರ್ಚಿನ ತಿರುವು ದಾಟುವಾಗ
ಬಿರಡೆ ಒಳಗೆ ಉರುಳಿದ್ದು ಅಂಗಡಿಗೇ ಕೇಳಿಸಿತು,
ಅಥವಾ ಹಾಗನ್ನಿಸಿತು.